ಮೊದಲ ತುತ್ತಿನ ಜೊತೆ

ಕಳೆದ ತಿಂಗಳು ಶೃಂಗೇರಿಯಲ್ಲಿ ನಮ್ಮ ಶಾಲೆಯ ಹಿಂದಿ ಟೀಚರ ಮಗಳ ಮದುವೆ ಇತ್ತು. ಛತ್ರದ ಮುಂದುಗಡೆ ಫೋಟೋ ತೆಗೆಯುವವರ ನೂಕು. ನಾನು ಪಕ್ಕದ ಓಣಿಯಿಂದ ಹಿತ್ತಿಲ ಕಡೆಗೆ ಹೋದೆ. ಅಡಿಗೆಮನೆಯ ಕಿಟಕಿ ತೆರೆದಿತ್ತು, ಒಳಗೆ ಬೆಣ್ಣೆ ಕಾಯುತ್ತಿತ್ತು. ಬೆಣ್ಣೆ ತುಪ್ಪವಾಗುವ ಕೊನೆಯ ಗಳಿಗೆಯಲ್ಲಿ ಕೊತಕೊತ ಸದ್ದು ಸಣ್ಣಗಾಗಿ, ನೊರೆ ಕೂತು, ಇನ್ನೇನು ಸೀದುಹೋಯಿತು ಎನ್ನುವ ಹಾಗೆ ಒಂದು ವಾಸನೆ ಏಳುತ್ತದೆ. ಸೀದಿರುವುದಿಲ್ಲ. ಆಗಲೇ ಇಳಿಸಬೇಕು. ಇದನ್ನು ನನಗೆ ಕಲಿಸಿದವನು ನಾಗೇಶ ಮಾವ, ಅಮ್ಮನ ತಮ್ಮ. ಕಲಿಸುವ ಹೊತ್ತಿಗೆ ಅವನಿಗೇ ಆ ವಾಸನೆ ತಡೆಯಲು ಆಗುತ್ತಿರಲಿಲ್ಲ. ಹೊರಗೆ ಜಗಲಿಯಲ್ಲಿ ಮೂಗಿಗೆ ಪಂಚೆಯ ಚುಂಗು ಹಿಡಿದು ಕೂತು, "ಸದ್ದು ನಿಂತಿತಾ? ಈಗ ಇಳಿಸು" ಎಂದು ಕೂಗಿ ಹೇಳುತ್ತಿದ್ದ.

ನಾನು ಆ ಕಿಟಕಿಯ ಕೆಳಗೆ ಸುಮಾರು ಹೊತ್ತು ನಿಂತುಬಿಟ್ಟೆ.

ಹೈಸ್ಕೂಲಿನಿಂದ ನನಗೆ ದಿನಚರಿ ಬರೆಯುವ ಅಭ್ಯಾಸ. ಭಾವನೆ ಗೀವನೆ ಬರೆಯುವುದು ಕಡಿಮೆ. ತಾರೀಖು, ಮಳೆ ಬಿದ್ದರೆ ಎಷ್ಟು, ಬಸ್ಸು ಎಷ್ಟು ತಡ, ಯಾವ ತರಗತಿಗೆ ಯಾವ ಪಾಠ, ಇಷ್ಟೇ. ಎರಡು ವರ್ಷದ ಹಿಂದಿನ ಮಾಘದಿಂದ ವೈಶಾಖದವರೆಗಿನ ಪುಟಗಳಲ್ಲಿ ಮಾತ್ರ ಇನ್ನೊಂದು ಲೆಕ್ಕ ಸೇರಿಕೊಂಡಿದೆ: ಮಾವನ ತೂಕ, ಅವನು ಉಂಡ ತುತ್ತು. ಮದುವೆಯಿಂದ ಬಂದು ಆ ಪುಟಗಳನ್ನು ತೆಗೆದು ನೋಡಿದೆ. ಅಂಕಿಗಳೆಲ್ಲ ಸರಿಯಾಗಿಯೇ ಇವೆ. ಹೇಳಬೇಕಾದದ್ದು ಅವುಗಳ ನಡುವೆ ಬಿಟ್ಟುಹೋಗಿದೆ ಅನ್ನಿಸಿ ಇದನ್ನು ಬರೆಯುತ್ತಿದ್ದೇನೆ.

ಮಾವ ಅಡಿಗೆಯವನು. ಮದುವೆ, ಉಪನಯನ, ಶ್ರಾದ್ಧ, ಗೃಹಪ್ರವೇಶ, ಏನಿದ್ದರೂ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಮೂರೂ ತಾಲ್ಲೂಕಿನಲ್ಲಿ ಅವನನ್ನು ಕರೆಯುತ್ತಿದ್ದರು. ಮದುವೆ ಆಗಿರಲಿಲ್ಲ. "ಮುನ್ನೂರು ಮದುವೆಯ ಊಟ ನೋಡಿದವನಿಗೆ ತನ್ನದೊಂದು ಬೇಕು ಅನ್ನಿಸ್ಲಿಲ್ಲ ಮಾರಾಯ" ಎನ್ನುತ್ತಿದ್ದ. ನನಗೆ ಹಿರೇಕೊಡಿಗೆಯ ಶಾಲೆಯಲ್ಲಿ ವಿಜ್ಞಾನದ ಮೇಷ್ಟರ ಕೆಲಸ ಸಿಕ್ಕಿದಾಗ, ಕೊಪ್ಪ ಪೇಟೆಯಲ್ಲಿ ಅವನು ಬಾಡಿಗೆಗಿದ್ದ ಎರಡು ಕೋಣೆಯ ಮನೆಗೇ ನಾನೂ ಬಂದು ಸೇರಿದೆ. ಕೆಳಗೆ ಹೊಲಿಗೆ ಅಂಗಡಿ, ಮೇಲೆ ನಾವು. ಅಮ್ಮ ಕಿಗ್ಗದ ಹತ್ತಿರ ನನ್ನ ಅಣ್ಣನ ಸಂಸಾರದ ಜೊತೆ ಇದ್ದಳು.

ಒಂದೇ ಮನೆಯಲ್ಲಿ ಮೂರು ವರ್ಷ ಇದ್ದರೂ ಮಾವ ಉಣ್ಣುವುದನ್ನು ನಾನು ಸರಿಯಾಗಿ ನೋಡಿರಲಿಲ್ಲ. ಅಡಿಗೆಯವರ ಕ್ರಮ ಹಾಗೆ. ಎಲ್ಲ ಪಂಕ್ತಿ ಎದ್ದು, ಬಡಿಸಿದವರೂ ಉಂಡು, ಎಲೆ ತೆಗೆದು ನೆಲ ಒರೆಸಿದ ಮೇಲೆ ಅವರು ಕೂರುತ್ತಾರೆ. ಅಷ್ಟು ಹೊತ್ತಿಗೆ ವಾಸನೆಗೇ ಹೊಟ್ಟೆ ತುಂಬಿರುತ್ತದೆ. ಮಜ್ಜಿಗೆಗೆ ಎರಡು ಹಿಡಿ ಅನ್ನ ಕಲಸಿ ಕುಡಿದರೆ ಮುಗಿಯಿತು. ಈ ಕ್ರಮವನ್ನು ಮಾವ ಮನೆಯಲ್ಲೂ ಬಿಟ್ಟಿರಲಿಲ್ಲ. ನನಗೆ ಬಡಿಸಿ, ನಾನು ಕೈ ತೊಳೆದು ಹೊರಟ ಮೇಲೆ ಅವನ ಊಟ.

ಹಾಗಾಗಿ ಅವನು ಉಣ್ಣುವುದನ್ನು ಬಿಟ್ಟದ್ದು ಯಾರಿಗೂ ಗೊತ್ತಾಗಲಿಲ್ಲ.

ದೀಪಾವಳಿಯ ಹೊತ್ತಿಗೆ ಅಂಗಿ ಸಡಿಲವಾಗಿತ್ತು. ಬೆನ್ನು ನೋವು ಅನ್ನುತ್ತಿದ್ದ. ಕೊಪ್ಪರಿಗೆ ಎತ್ತಿ ಎತ್ತಿ ಬಂದದ್ದು ಎಂದರು. ಸಂಕ್ರಾಂತಿ ಕಳೆದು ರಕ್ತ ನೋಡಿದರೆ ಸಕ್ಕರೆ ಕಾಯಿಲೆ. "ನಲವತ್ತು ವರ್ಷ ಪಾಯಸದ ರುಚಿ ನೋಡಿದ್ದಕ್ಕೆ ಸಂಬಳ" ಎಂದು ಅವನೇ ನಕ್ಕ. ಮೈ ತುರಿಸುತ್ತಿತ್ತು, ಸೌದೆ ಒಲೆಯ ಹೊಗೆಗೆ ಎಂದ. ಮೈಬಣ್ಣ ಹಳದಿಗೆ ತಿರುಗಿದಾಗಲೂ ಮೊದಲು ಗಮನಿಸಿದವರಿಲ್ಲ, ಯಾಕೆಂದರೆ ಅವನ ಕೈ ಯಾವಾಗಲೂ ಅರಿಶಿನದ್ದೇ. ಪ್ರತಿಯೊಂದಕ್ಕೂ ಅವನ ಕಸುಬಿನೊಳಗೇ ಒಂದು ಉತ್ತರ ಸಿದ್ಧ ಇತ್ತು. ಐದನ್ನೂ ಒಟ್ಟಿಗೆ ಇಟ್ಟು ನೋಡಿದವರು ಯಾರೂ ಇರಲಿಲ್ಲ.

ಕಣ್ಣು ನೋಡಿ ಹೇಳಿದವರು ಗೋಪಾಲಣ್ಣ. ಮಾವನ ಜೊತೆ ಇಪ್ಪತ್ತು ವರ್ಷ ಅಡಿಗೆಗೆ ಹೋದವರು. "ಎಂತದು ನಾಗೇಶಣ್ಣ, ಕಣ್ಣಿಗೂ ಒಗ್ಗರಣೆ ಹಾಕ್ಕೊಂಡಿದ್ದೀರ?" ಎಂದು ತಮಾಷೆಗೆ ಶುರುಮಾಡಿ, ಮುಖ ಹಿಡಿದು ಕಿಟಕಿಯ ಬೆಳಕಿಗೆ ತಿರುಗಿಸಿ, ಕೆಳಗಿನ ರೆಪ್ಪೆಯನ್ನು ಎಳೆದು ನೋಡಿದರು.

ಕಣ್ಣು ಹಳದಿ ಎಂದರೆ ನಮ್ಮ ಕಡೆ ಕಾಮಾಲೆ. ಕಾಮಾಲೆ ಎಂದರೆ ನೆಲನೆಲ್ಲಿ ಅರೆದ ಮದ್ದು, ಹದಿನಾಲ್ಕು ದಿನದ ಪಥ್ಯ. ಅಮ್ಮ ಕಿಗ್ಗದಿಂದ ಮದ್ದು ಕಳಿಸಿದಳು. ಎಣ್ಣೆ ಇಲ್ಲ, ತುಪ್ಪ ಇಲ್ಲ, ಒಗ್ಗರಣೆ ಇಲ್ಲ. ಗಂಜಿ ಮತ್ತು ಮಜ್ಜಿಗೆ. ವಿಚಿತ್ರ ಎಂದರೆ ಮಾವನಿಗೆ ಅದರಿಂದ ಹಿತವಾಯಿತು. ಹೊಟ್ಟೆಯ ಸಂಕಟ ಇಳಿಯಿತು, ಪದೇ ಪದೇ ಕಕ್ಕಸಿಗೆ ಹೋಗುವುದು ನಿಂತಿತು. ಜಿಡ್ಡು ಅವನಿಗೆ ಜೀರ್ಣವಾಗುತ್ತಿರಲಿಲ್ಲ, ಜಿಡ್ಡು ಬಿಟ್ಟದ್ದಕ್ಕೆ ಹಿತವಾಯಿತು, ಅಷ್ಟೆ. ಆದರೆ ಅಮ್ಮ ಫೋನಿನಲ್ಲಿ, "ನೋಡಿದ್ಯಾ, ಮದ್ದು ಹಿಡೀತು" ಎಂದಳು. ನಾನೂ ಹಾಗೇ ಬರೆದುಕೊಂಡಿದ್ದೇನೆ. ಕಣ್ಣಿನ ಹಳದಿ ಮಾತ್ರ ದಿನದಿನಕ್ಕೆ ದಟ್ಟವಾಗುತ್ತ ಹೋಯಿತು. ಪಥ್ಯ ಮುಗಿಯುವ ಮೊದಲೇ ಗೋಪಾಲಣ್ಣ ಬಾಡಿಗೆ ಕಾರು ತಂದು ಮನೆ ಮುಂದೆ ನಿಲ್ಲಿಸಿ, "ಶಿವಮೊಗ್ಗಕ್ಕೆ. ಈಗಲೇ. ಬೇಡ ಅಂದ್ರೆ ಹೊತ್ಕೊಂಡು ಹೋಗ್ತೇನೆ, ಈಗ ನಿಮ್ಮ ತೂಕ ಒಂದು ಅಕ್ಕಿ ಮೂಟೆ ಅಷ್ಟೇ ಇರೋದು" ಎಂದರು.

ಶಿವಮೊಗ್ಗದ ಆಸ್ಪತ್ರೆಯಲ್ಲಿ ನಾಲ್ಕು ದಿನ. ಸ್ಕ್ಯಾನ್ ಆಯಿತು, ಬಾಯಿಂದ ಕೊಳವೆ ಇಳಿಸಿ ಒಂದು ಚೂರು ತೆಗೆದು ನೋಡಿದ್ದೂ ಆಯಿತು. ಪಿತ್ತ ಹರಿಯುವ ನಾಳ ಮುಚ್ಚಿಹೋಗಿತ್ತು. ಅದಕ್ಕೊಂದು ಸಣ್ಣ ನಳಿಗೆ ಕೂರಿಸಿದರು. ಆಮೇಲೆ ಡಾಕ್ಟರಮ್ಮ ನನ್ನೊಬ್ಬನನ್ನೇ ಕೂರಿಸಿಕೊಂಡು ಬಿಳಿ ಹಾಳೆಯಲ್ಲಿ ಚಿತ್ರ ಬಿಡಿಸಿದರು. ಜಠರ, ಅದರ ಹಿಂದೆ ಅಡ್ಡಲಾಗಿ ಉದ್ದನೆಯದೊಂದು. ನೋಡಿದ ಕೂಡಲೇ ಗೊತ್ತಾಯಿತು. ಮೇದೋಜೀರಕ ಗ್ರಂಥಿ. ಪ್ರತಿವರ್ಷ ಹತ್ತನೆಯ ತರಗತಿಯ ಹಲಗೆಯ ಮೇಲೆ ನಾನು ಬಿಡಿಸುತ್ತಿದ್ದದ್ದು. ಹೆಸರು ಬರೆದು ಬಾಣ ಹಾಕಿದರೆ ಅರ್ಧ ಅಂಕ.

"ಗಂಟು ಇದರ ತಲೆಯ ಭಾಗದಲ್ಲಿದೆ" ಎಂದರು. "ಇದು ಹೊಟ್ಟೆಯ ಹಿಂದೆ, ಬೆನ್ನಿಗೆ ತಾಗಿ ಕೂತಿರ್ತದೆ. ಕೈಗೆ ಸಿಗೋದಿಲ್ಲ, ಶುರುವಿನಲ್ಲಿ ನೋವೂ ಇರೋದಿಲ್ಲ. ಗೊತ್ತಾಗುವಷ್ಟರಲ್ಲಿ ಹೆಚ್ಚಿನವರಿಗೆ ತಡ ಆಗಿರ್ತದೆ. ಇವರಿಗೆ ದೊಡ್ಡ ರಕ್ತನಾಳವನ್ನು ಸುತ್ತಿಕೊಂಡಿದೆ. ಕೊಯ್ದು ತೆಗೆಯೋ ಹಾಗಿಲ್ಲ."

"ಮತ್ತೆ?"

"ಔಷಧಿ ಇದೆ, ಕಿಮೋ. ವಾಸಿ ಮಾಡೋದಿಲ್ಲ. ಒಗ್ಗಿದರೆ ಕೆಲವು ತಿಂಗಳು ಹೆಚ್ಚು ಸಿಗಬಹುದು, ನೋವು ಕಡಿಮೆ ಆಗಬಹುದು. ಆದರೆ ಈಗಿನ ಶಕ್ತಿಯಲ್ಲಿ ಕೊಟ್ಟರೆ ತಡ್ಕೊಳ್ಳೋದಿಲ್ಲ. ಕಾಮಾಲೆ ಇಳಿಯಲಿ. ತಿಂಗಳ ಕೊನೆಗೆ ಕರ್ಕೊಂಡು ಬನ್ನಿ. ಅಲ್ಲಿವರೆಗೆ ತೂಕ ಇನ್ನು ಇಳಿಯಬಾರದು. ಊಟ ಮಾಡಿಸಿ."

ಊಟ ಮಾಡಿಸಿ. ಮೂರು ತಾಲ್ಲೂಕಿಗೆ ಉಣ್ಣಿಸಿದವನಿಗೆ ಊಟ ಮಾಡಿಸುವ ಕೆಲಸ ನನ್ನದಾಯಿತು.

ಬರುವ ದಾರಿಯಲ್ಲಿ ಮಾವನಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಮುಚ್ಚಿಡುವುದು ನನಗೆ ಬರುವುದಿಲ್ಲ, ಅವನೂ ಕೇಳದೆ ಬಿಡುವವನಲ್ಲ. ಕಾರಿನ ಕಿಟಕಿಯಾಚೆ ನೋಡುತ್ತ ಕೇಳಿಸಿಕೊಂಡ. ಮುತ್ತಿನಕೊಪ್ಪ ದಾಟಿದ ಮೇಲೆ, "ತೂಕ ಎಷ್ಟು ಬೇಕಂತೆ?" ಎಂದ.

"ಈಗ ಇರೋದು ನಲವತ್ತೊಂಬತ್ತೂವರೆ. ಅದಕ್ಕಿಂತ ಇಳಿಯಬಾರದಂತೆ."

"ಆಯ್ತು. ಒಂದು ತಿಂಗಳ ಕೆಲಸ ತಾನೆ. ಮಾಡುವ."

ಮಾರ್ಚ್ ತಿಂಗಳು ಎಂದರೆ ಪರೀಕ್ಷೆ ಹತ್ತಿರ. ನನಗೆ ಬೆಳಿಗ್ಗೆಯಿಂದ ಪುನರಾವರ್ತನೆ ತರಗತಿ, ರಜೆ ಕೇಳುವ ಹಾಗಿಲ್ಲ. ಗೋಪಾಲಣ್ಣನಿಗೆ ಮದುವೆಗಳ ಕಾಲ. ಮಾವ ಒಪ್ಪಿಕೊಂಡಿದ್ದ ಅಡಿಗೆಗಳೂ ಅವರ ತಲೆ ಮೇಲೆ ಬಿದ್ದಿದ್ದವು. ಮೊದಲ ವಾರ ನೋಡಲು ಬಂದವರ ಸಂಖ್ಯೆ ಹದಿನೇಳು, ಎರಡನೆಯ ವಾರ ನಾಲ್ಕು. ಆಮೇಲೆ ಬರೆದುಕೊಳ್ಳುವಷ್ಟು ಇರಲಿಲ್ಲ. ಜನ ಕೆಟ್ಟವರಲ್ಲ. ಬಂದವರು ಯಾವುದೋ ಮದುವೆಯ ಹೋಳಿಗೆಯ ನೆನಪು ತೆಗೆಯುತ್ತಿದ್ದರು, ಮಾವ ಬಾಯಿಗೆ ಬಟ್ಟೆ ಒತ್ತಿಕೊಳ್ಳುತ್ತಿದ್ದ. ಇನ್ನೇನು ಮಾತಾಡಬೇಕು ಎಂದು ತಿಳಿಯದೆ ಅವರು ಏಳುತ್ತಿದ್ದರು. ಕಾಯಿಲೆ ಬಂದ ಅಂಗದ ಹೆಸರು ಹೇಳಿದರೆ ಅದು ಎಲ್ಲಿರುತ್ತದೆ ಎಂದೇ ಯಾರಿಗೂ ಗೊತ್ತಿರಲಿಲ್ಲ. ಹಾರ್ಟು, ಕಿಡ್ನಿ, ಲಿವರು ಎಂದಿದ್ದರೆ ಪ್ರತಿಯೊಬ್ಬರಿಗೂ ಒಬ್ಬ ನೆಂಟನ ಕತೆ ಇರುತ್ತಿತ್ತು. ಇದಕ್ಕೆ ಕತೆಯೂ ಇರಲಿಲ್ಲ.

ಬೆಳಿಗ್ಗೆ ಬೇಗ ಎದ್ದು ಅನ್ನ, ಸಾರು, ಒಂದು ಮೆತ್ತಗಿನ ಪಲ್ಯ ಮಾಡಿ, ಡಬ್ಬಿಗೆ ತುಂಬಿಟ್ಟು ಶಾಲೆಗೆ ಹೋಗುತ್ತಿದ್ದೆ. ಮಾವ ಗೋಡೆಗೊರಗಿ ಕೂತು, ದಿಂಬನ್ನು ಹೊಟ್ಟೆಗೆ ಒತ್ತಿಕೊಂಡು ಮುಂದಕ್ಕೆ ಬಾಗಿರುತ್ತಿದ್ದ. ಹಾಗೆ ಬಾಗಿದರೆ ಬೆನ್ನಿನ ನೋವು ಸ್ವಲ್ಪ ಕಡಿಮೆ. ಅಲ್ಲಿಂದಲೇ ನನ್ನ ಸಾರಿಗೆ ತೀರ್ಪು: "ಬೇಳೆ ಬೆಂದಿಲ್ಲ, ವಾಸನೆ ಹೇಳ್ತದೆ." "ಹುಳಿ ಮುಂದೆ ಬಂತು." "ಇದನ್ನ ಪಂಕ್ತಿಗೆ ಬಡಿಸಿದ್ರೆ ಹೆಣ್ಣು ಕೊಡೋರು ವಾಪಸ್ ಹೋಗ್ತಾರೆ ಮಾಣಿ."

ಸಂಜೆ ಬಂದರೆ ಡಬ್ಬಿ ಖಾಲಿ, ತೊಳೆದು ಬೋರಲು ಹಾಕಿರುತ್ತಿತ್ತು. ನಾನು ‘ಉಂಡ’ ಎಂದು ಬರೆದುಕೊಳ್ಳುತ್ತಿದ್ದೆ. ಶನಿವಾರ ತೂಕ ನೋಡಿದರೆ ನಲವತ್ತೆಂಟು ಪಾಯಿಂಟ್ ಆರು. ನನ್ನ ಲೆಕ್ಕದಲ್ಲಿ ಇಳಿಯುವ ಹಾಗೇ ಇರಲಿಲ್ಲ. ಇಳಿದಿತ್ತು.

ಉತ್ತರ ಕೊಟ್ಟದ್ದು ಹೊಲಿಗೆ ಅಂಗಡಿಯ ಮೆಟ್ಟಿಲ ಮೇಲೆ ಮಲಗುವ ಬೀದಿ ನಾಯಿ. ಹೊಲಿಗೆಯವರು ನನ್ನನ್ನು ಕರೆದು, "ಮೇಷ್ಟ್ರೇ, ನಿಮ್ಮ ಮನೆ ಊಟಕ್ಕೆ ಇದು ಹೇಗೆ ದುಂಡಗಾಗಿದೆ ನೋಡಿ" ಎಂದು ನಕ್ಕರು. ಮೇಲೆ ಹೋಗಿ ಕೇಳಿದೆ. ಮಾವ ಅಡಗಿಸಲಿಲ್ಲ.

"ಎಂತ ಮಾಡೋದಾ? ಎರಡು ತುತ್ತು ಇಳಿದ ಮೇಲೆ ಗಂಟಲು ಕಟ್ಟಿದ ಹಾಗೆ ಆಗ್ತದೆ. ಇಳಿದದ್ದೂ ನಿಲ್ಲೋದಿಲ್ಲ, ಜಿಡ್ಡುಜಿಡ್ಡಾಗಿ ಹೋಗಿಬಿಡ್ತದೆ. ನೀನು ಎದ್ದು ಮಾಡಿದ್ದು, ಚೆಲ್ಲಕ್ಕೆ ಮನಸ್ಸು ಬರ್ಲಿಲ್ಲ. ಅದಾದ್ರೂ ಉಣ್ಣಲಿ ಅಂತ ಹಾಕಿದೆ."

"ಮಾತ್ರೆ ತಗೊಳ್ತಿದ್ದೀಯಲ್ಲ?"

"ತಪ್ಪಿಸಿಲ್ಲ. ಊಟ ಆಗಿ ಕೈ ತೊಳೆದ ಮೇಲೆ."

ಡಾಕ್ಟರಮ್ಮ ಜೀರ್ಣಕ್ಕೆಂದು ದೊಡ್ಡ ಕ್ಯಾಪ್ಸೂಲು ಬರೆದುಕೊಟ್ಟಿದ್ದರು. ನಮ್ಮಲ್ಲಿ ಮಾತ್ರೆ ಎಂದರೆ ಊಟದ ನಂತರ. ಖಾಲಿ ಹೊಟ್ಟೆಗೆ ಬೇಡ ಎನ್ನುವುದು ಹುಟ್ಟಿನಿಂದ ಕೇಳಿದ ಮಾತು. ನನಗೆ ಆ ಹೊತ್ತಿಗೆ ಏನೋ ತಟ್ಟಿತು. ಆಸ್ಪತ್ರೆಗೆ ಫೋನು ಮಾಡಿದೆ. ಎತ್ತಿದ ನರ್ಸ್ ಎರಡು ಸಲ ಕೇಳಿ ತಿಳಿದುಕೊಂಡು ಹೇಳಿದರು: ಅವರ ಗ್ರಂಥಿಯಿಂದ ಬರಬೇಕಾದ ರಸ ಬರುತ್ತಿಲ್ಲ, ಆ ರಸವನ್ನೇ ಈ ಕ್ಯಾಪ್ಸೂಲಿನಲ್ಲಿ ತುಂಬಿರೋದು. ಅದು ಅನ್ನದ ಜೊತೆಯೇ ಒಳಗೆ ಹೋಗಬೇಕು. ಒಂದು ಮೊದಲ ತುತ್ತಿನ ಜೊತೆ, ಇನ್ನೊಂದು ಊಟದ ನಡುವೆ. ಅಗಿಯಬಾರದು, ನುಂಗಬೇಕು. ತುಪ್ಪ ಬಿಡಿಸಬೇಡಿ, ಶಕ್ತಿಗೆ ಅದೇ ಬೇಕು. ಒಂದೇ ಸಲ ತುಂಬ ಬೇಡ, ಆರು ಸಲ ಕೊಡಿ.

ಫೋನಿಟ್ಟು ಹೇಳಿದೆ. ಮಾವ ಯೋಚಿಸಿದ. "ಮೊದಲ ತುತ್ತಿನ ಜೊತೆ. ಹಲ್ಲು ತಾಗಬಾರದು. ಹಾಗಾದ್ರೆ ಇದು ಪ್ರಾಣಾಹುತಿ ಅಲ್ಲವನಾ?"

ಊಟಕ್ಕೆ ಮೊದಲು ಎಲೆಯ ಸುತ್ತ ನೀರು ತಿರುಗಿಸಿ, ತುಪ್ಪ ಬಿದ್ದ ಅನ್ನದಿಂದ ಐದು ಸಣ್ಣ ಅಗುಳು ತೆಗೆದು, ಒಳಗಿನ ಐದು ಪ್ರಾಣಗಳಿಗೆ ಎಂದು ಹಲ್ಲು ತಾಗಿಸದೆ ನುಂಗುವುದು ನಮ್ಮ ಮನೆಗಳ ಪದ್ಧತಿ. ನಾನು ಹಾಸ್ಟೆಲಿನಲ್ಲಿ ಬಿಟ್ಟದ್ದು. ಮಾವ ಮಜ್ಜಿಗೆ ಅನ್ನಕ್ಕೂ ಬಿಟ್ಟವನಲ್ಲ.

ಅಂದು ಸಂಜೆ ಬಾಳೆಲೆ ತಂದೆ. ಎಲೆಯ ತುದಿಗೆ ಉಪ್ಪು, ಪಕ್ಕದಲ್ಲಿ ಚಿಟಿಕೆ ಪಲ್ಯ, ಪಾಯಸ ಬೀಳುವ ಜಾಗದಲ್ಲಿ ಕಂದು ಬಣ್ಣದ ಕ್ಯಾಪ್ಸೂಲು. ಮಾವ ಎಲೆ ನೋಡಿ ನಕ್ಕ ನಗೆಗೆ ಕೆಮ್ಮು ಬಂತು. "ಬಡಿಸೋ ಕ್ರಮದಲ್ಲಿ ಇದಕ್ಕೊಂದು ಜಾಗ ಮಾಡಿದ್ಯಲ್ಲ! ಗೋಪಾಲನಿಗೆ ಹೇಳು, ಮುಂದಿನ ಮದುವೆಗೆ ಲಿಸ್ಟಿನಲ್ಲಿ ಸೇರಿಸ್ಲಿ." ಆಮೇಲೆ, "ನೀನು ಉಂಡ್ಯಾ?" ಎಂದ.

"ಇಲ್ಲ. ನೀನು ಮೊದಲು."

"ಅದಾಗೋದಿಲ್ಲ. ಬಡಿಸಿದವ್ನು ಮೊದಲು ಉಣ್ಣೋದು ಎಲ್ಲಿಯಾದ್ರೂ ಉಂಟಾ?"

"ಇವತ್ತು ಬಡಿಸಿದವನು ನಾನು."

ಮಾವ ಎಲೆಯ ಸುತ್ತ ನೀರು ತಿರುಗಿಸಿದ. ಕಣ್ಣು ಮುಚ್ಚಿ, ಪ್ರಾಣಾಯ ಸ್ವಾಹಾ ಎಂದು ಕ್ಯಾಪ್ಸೂಲನ್ನು ಅನ್ನದ ಅಗುಳಿನ ಜೊತೆ ನುಂಗಿದ. ಒಂಬತ್ತು ತುತ್ತು ಉಂಡ. ಬರೆದುಕೊಂಡಿದ್ದೇನೆ.

ಮಧ್ಯಾಹ್ನದ ಊಟ ಫೋನಿನಲ್ಲಿ ಒಟ್ಟಿಗೆ ಶುರುವಾಯಿತು. ಶಾಲೆಯಲ್ಲಿ ನಾನು ಡಬ್ಬಿ ಬಿಚ್ಚಿ, ಫೋನನ್ನು ಪಕ್ಕದಲ್ಲಿಟ್ಟು ಕರೆ ಮಾಡುವುದು. ಅಲ್ಲಿ ಕೊಪ್ಪದಲ್ಲಿ ಮಾವ ಎಲೆ ಹಾಕಿಕೊಂಡು ಕೂರುವುದು. "ಪ್ರಾಣಾಯ ಆಯ್ತಾ?" "ಆಯ್ತು. ನೀನು ಎಂತ ಉಣ್ತಿದ್ದಿ?" "ಬೀಟ್‌ರೂಟ್ ಪಲ್ಯ." "ಅದು ಪಲ್ಯ ಅಲ್ಲ, ಬಣ್ಣ." ಹೀಗೆ. ಪಿ.ಟಿ. ಮೇಷ್ಟರು, "ಏನ್ರೀ, ಮದುವೆ ಆಗೋಕೆ ಮೊದಲೇ ಊಟ ಆಯ್ತಾ ಊಟ ಆಯ್ತಾ ಶುರುವಾಯ್ತಲ್ಲ!" ಎಂದು ಚುಡಾಯಿಸಿದರು. ಯಾರಿಗೆ ಫೋನು ಎಂದು ತಿಳಿದ ಮೇಲೆ ಸ್ಟಾಫ್ ರೂಮಿನಲ್ಲಿ ಆ ಹೊತ್ತಿಗೆ ಯಾರೂ ನನ್ನ ಹತ್ತಿರ ಕೂರಲಿಲ್ಲ. ತೊಂದರೆ ಕೊಡಬಾರದೆಂದು ಇರಬೇಕು. ಖಾಲಿ ಮೇಜಿನ ಈ ತುದಿಯಲ್ಲಿ ನಾನು, ಆಚೆ ಎರಡು ಕೋಣೆಯ ಮನೆಯಲ್ಲಿ ಅವನು, ನಡುವೆ ಕೇಳುವುದು ಇಬ್ಬರ ಬಾಯಿಯ ಸದ್ದು ಮಾತ್ರ. ಕೆಲವು ದಿನ ಅವನ ಕಡೆಯ ಸದ್ದು ನಿಂತುಹೋಗುತ್ತಿತ್ತು. ನಾನು ಉಣ್ಣುವುದನ್ನು ನಿಲ್ಲಿಸಿ ಕಾಯುತ್ತಿದ್ದೆ. "ಇದ್ದೇನೆ, ಇದ್ದೇನೆ. ಸ್ವಲ್ಪ ಬೆನ್ನು" ಎನ್ನುತ್ತಿದ್ದ.

ತೂಕ ನೋಡುವುದು ಶಾಲೆಯಲ್ಲಿ, ಮಕ್ಕಳ ಆರೋಗ್ಯ ತಪಾಸಣೆಯ ಯಂತ್ರದಲ್ಲಿ. ಶನಿವಾರ ಬೆಳಿಗ್ಗೆ ನನ್ನ ಜೊತೆ ಬಸ್ಸಿಗೆ ಬರುತ್ತಿದ್ದ. ಅದೊಂದೇ ಅವನ ಹೊರಗಿನ ಓಡಾಟ. ಒಂದು ಶನಿವಾರ ತರಗತಿ ಮುಗಿಯುವವರೆಗೆ ಕೊನೆಯ ಬೆಂಚಿನಲ್ಲಿ ಕೂತ. ಅಂದು ಜೀರ್ಣಾಂಗಗಳ ಚಿತ್ರವನ್ನು ಮತ್ತೊಮ್ಮೆ ಬಿಡಿಸಿ ತೋರಿಸುವ ದಿನ. ಬೇರೆ ಪಾಠ ಮಾಡೋಣ ಎಂದುಕೊಂಡೆ, ಆದರೆ ಪರೀಕ್ಷೆಗೆ ಇದ್ದದ್ದು ಎರಡೇ ವಾರ. ಬಿಡಿಸಿದೆ. ಮೇದೋಜೀರಕ ಗ್ರಂಥಿ ಎಂದು ಬರೆಯುವಾಗ ಬಳಪ ಮುರಿಯಿತು.

ಮಕ್ಕಳು ಹೋದ ಮೇಲೆ ಮಾವ ಹಲಗೆಯ ಹತ್ತಿರ ಬಂದು ನೋಡಿದ. "ಇದೇನಾ ಅದು?"

"ಇದೇ."

"ಹಾಗಲಕಾಯಿ ಹಾಗಿದೆ. ಇಷ್ಟೇನಾ?"

"ಇಷ್ಟೇ. ಹೆಚ್ಚೆಂದರೆ ಒಂದು ಗೇಣು."

"ಇದರ ಕೆಲಸ ಎಂತದು?"

ಪಾಠ ಹೇಳಿದ ಹಾಗೆ ಹೇಳಿದೆ. ತುಪ್ಪ, ಅನ್ನ, ಬೇಳೆ, ಎಲ್ಲವನ್ನೂ ಮೈಗೆ ಹತ್ತುವ ಹಾಗೆ ಒಡೆಯುವ ರಸ ಇದರದ್ದು. ಸಕ್ಕರೆಯನ್ನು ಹದದಲ್ಲಿ ಇಡುವುದೂ ಇದೇ. ಅದಕ್ಕೇ ನಿನಗೆ ಸಂಕ್ರಾಂತಿಗೆ ಸಕ್ಕರೆ ಏರಿದ್ದು.

ಮಾವ ಬೆರಳಿನಿಂದ ಹಲಗೆ ಮುಟ್ಟಿದ. "ಅಂದ್ರೆ ಇದೂ ಅಡಿಗೆಯವ್ನೇ. ಹಿಂದುಗಡೆ ಕೂತಿರ್ತದೆ, ಯಾರೂ ವಿಚಾರಿಸೋದಿಲ್ಲ." ಅರಿಶಿನ ಹೋಗಿದ್ದ ಬೆರಳಿಗೆ ಸುಣ್ಣದ ಬಿಳಿ ಹತ್ತಿತು. ಪಂಚೆಗೆ ಒರೆಸಿಕೊಂಡ.

ಅಂದು ತೂಕ ನಲವತ್ತೆಂಟು ಪಾಯಿಂಟ್ ಎಂಟು. ಇಳಿಯುವುದು ನಿಂತಿತ್ತು.

ಕಣ್ಣಿನ ಹಳದಿಯೂ ಹೋಗಿತ್ತು. ತುರಿಕೆ ನಿಂತಿತ್ತು. ಆ ವಾರ ಕಾಫಿಯ ಹೂಮಳೆ ಬಂತು, ಎರಡು ದಿನಕ್ಕೆ ಪೇಟೆಯವರೆಗೂ ಹೂವಿನ ವಾಸನೆ. ಮಾವ ಜಗಲಿಗೆ ಬಂದು ಮೂಗು ತೆರೆದು ಕೂತ. "ಇದೊಂದು ವಾಸನೆ ಹೊಟ್ಟೆಗೆ ಹೋಗೋದಿಲ್ಲ, ಅದಕ್ಕೇ ತಡೀತದೆ" ಎಂದ. ಬೆಣ್ಣೆ ಕಾಯಿಸುವುದನ್ನು ಕಲಿಸಿದ್ದು ಆಗಲೇ. ಅಂಗಡಿಯ ತುಪ್ಪದಲ್ಲಿ ಪ್ರಾಣಾಹುತಿ ಮಾಡಿ ಮಾಡಿ ಪ್ರಾಣಗಳಿಗೂ ಬೇಜಾರಾಗಿದೆ ಎಂದ.

ಮುಂದಿನ ಶನಿವಾರ ಯಂತ್ರದ ಮುಳ್ಳು ಐವತ್ತನ್ನು ದಾಟಿತು. ಐವತ್ತು ಪಾಯಿಂಟ್ ನಾಲ್ಕು. ಇಳಿಸಿ ಮತ್ತೆ ಹತ್ತಿಸಿದೆ. ಅದೇ. ನನ್ನ ಪುಟದಲ್ಲಿ ಆ ಅಂಕಿಯ ಕೆಳಗೆ ಎರಡು ಗೆರೆ ಎಳೆದಿದ್ದೇನೆ. ಅಮ್ಮನಿಗೆ ಫೋನು ಮಾಡಿದೆ, ಗೋಪಾಲಣ್ಣನಿಗೆ ಮಾಡಿದೆ. ಗೋಪಾಲಣ್ಣ, "ನಾಗೇಶಣ್ಣನ್ನ ಕೇಳು, ಅಕ್ಷಯ ತದಿಗೆ ಅಡಿಗೆಗೆ ಬರ್ತಾರಾ ಅಂತ" ಎಂದು ಕೂಗಾಡಿದರು. ಮಾವ ಯಂತ್ರದಿಂದ ಇಳಿದು ಚಪ್ಪಲಿ ಹಾಕಿಕೊಳ್ಳುತ್ತಿದ್ದ. ಚಪ್ಪಲಿಯ ಪಟ್ಟಿ ಬಿಗಿಯಾಗಿ ತುಂಬ ಹೊತ್ತು ತೆಗೆದುಕೊಂಡ. ನನ್ನ ಮುಖ ನೋಡಿ ನಕ್ಕ.

ತಿಂಗಳ ಕೊನೆಗೆ ಬಸ್ಸಿನಲ್ಲೇ ಶಿವಮೊಗ್ಗಕ್ಕೆ ಹೋದೆವು. ಡಾಕ್ಟರಮ್ಮನ ಮುಂದೆ ನಾನು ಅಂಕಿಗಳನ್ನು ಓದಿದೆ. ಅವರು ಕೇಳಿಸಿಕೊಂಡು, ಮಾವನನ್ನು ಮಂಚದ ಮೇಲೆ ಮಲಗಿಸಿ, ಹೊಟ್ಟೆಯ ಪಕ್ಕಕ್ಕೆ ಬೆರಳಿನಿಂದ ತಟ್ಟಿದರು. ಮಗ್ಗುಲಾಗಿಸಿ ಮತ್ತೆ ತಟ್ಟಿದರು. ಕಾಲಿನ ಹರಡನ್ನು ಹೆಬ್ಬೆರಳಿನಿಂದ ಒತ್ತಿ ಬಿಟ್ಟರು. ಒತ್ತಿದ ಗುಳಿ ಹಾಗೇ ಉಳಿಯಿತು. ಅದು ತುಂಬುವುದನ್ನು ನಾನು ಕಾದೆ. ತುಂಬಲಿಲ್ಲ.

ಸ್ಕ್ಯಾನ್ ಮಾಡಿ ಬಂದ ಮೇಲೆ ಹೇಳಿದರು. ಹೊಟ್ಟೆಯಲ್ಲಿ ನೀರು ತುಂಬುತ್ತಿದೆ. ಕಾಯಿಲೆ ಹೊಟ್ಟೆಯ ಒಳಪದರಕ್ಕೆ ಹರಡಿದೆ. ಏರಿದ ತೂಕ ಆ ನೀರಿನದು. ಮೈ ಇಳಿಯುತ್ತಲೇ ಇದೆ.

"ನೀವು ಮಾಡಿದ್ದರಲ್ಲಿ ಏನೂ ಕಮ್ಮಿ ಇಲ್ಲ" ಎಂದರು ನನ್ನ ಕಡೆ ತಿರುಗಿ. "ಉಣ್ಣಿಸಿದ್ದಕ್ಕೇ ಇಲ್ಲಿಗೆ ನಡ್ಕೊಂಡು ಬಂದಿದ್ದಾರೆ. ಆದರೆ ಈಗ ಕಿಮೋ ಕೊಟ್ಟರೆ ಇರುವ ದಿನಗಳೂ ಹಾಳಾಗ್ತವೆ. ನೋವಿಗೆ ಒಳ್ಳೆ ಔಷಧಿ ಬರೆದುಕೊಡ್ತೇನೆ. ನೀರು ಹೆಚ್ಚಾದಾಗ ತೆಗೆಸುವ. ಮನೆಯಲ್ಲಿರಲಿ." ಮಾವ ಅಂಗಿಯ ಗುಂಡಿ ಹಾಕಿಕೊಳ್ಳುತ್ತ, "ತುಪ್ಪ ಬಿಡಬೇಕಾ?" ಎಂದು ಕೇಳಿದ. "ಏನೂ ಬಿಡಬೇಡಿ" ಎಂದರು.

ಹಿಂದಿರುಗುವಾಗ ಬಸ್ಸು ನರಸಿಂಹರಾಜಪುರದ ನಿಲ್ದಾಣದಲ್ಲಿ ಕೆಟ್ಟು ನಿಂತಿತು. ಎಲ್ಲರೂ ಇಳಿದರು. ಕಲ್ಲು ಬೆಂಚಿನ ಮೇಲೆ ನಾವಿಬ್ಬರು. ಬಿಸಿಲು ಬಹಳ ಇತ್ತು. ನನ್ನ ಕೈಯಲ್ಲಿ ದಿನಚರಿ ಇತ್ತು. ಏನು ಬರೆಯಬೇಕು ಎಂದು ಗೊತ್ತಾಗಲಿಲ್ಲ. ಐವತ್ತು ಪಾಯಿಂಟ್ ನಾಲ್ಕು ಸುಳ್ಳಲ್ಲ, ಆದರೆ ನಿಜವೂ ಅಲ್ಲ.

"ಅಕ್ಕಿ ನೆನೆ ಹಾಕಿದ್ರೂ ತೂಕ ಬರ್ತದೆ ಮಾಣಿ" ಎಂದ ಮಾವ, ಬಸ್ಸಿನ ಕಡೆ ನೋಡುತ್ತ. "ಸೇರು ಅಕ್ಕಿ ಸೇರೇ. ಮೇಲಿಂದ ಬಂದದ್ದು ನೀರು."

"ನಿನಗೆ ಗೊತ್ತಿತ್ತಾ?"

"ಹೋದ ವಾರವೇ ಅನ್ನಿಸ್ತು. ಕೈಯೆಲ್ಲ ಕಡ್ಡಿ ಆಗ್ತಾ ಇದೆ, ಪಂಚೆ ಮಾತ್ರ ಹೊಟ್ಟೆಗೆ ಸಾಲ್ತಾ ಇಲ್ಲ. ಉಂಡದ್ದಕ್ಕೆ ಬಂದ ಮೈ ಹಾಗಿರೋದಿಲ್ಲ."

"ಹೇಳಬಾರದಿತ್ತಾ?"

"ಹೇಗೆ ಹೇಳ್ಲಾ? ನೀನು ಎರಡೆರಡು ಸಲ ಹತ್ತಿಸಿ ನೋಡ್ತಿದ್ದಿ." ಬಗ್ಗಿ ಚಪ್ಪಲಿಯ ಪಟ್ಟಿ ಸಡಿಲಿಸುತ್ತ ಹೇಳಿದ: "ಹಸಿದು ಬಂದವ್ರ ಮುಖ ಎಲೆ ಮುಂದೆ ಹ್ಯಾಗಿರ್ತದೆ ಅಂತ ನಾನು ಕಿಟಕಿಯಿಂದ ನೋಡ್ತಿದ್ದೆ. ಅದೊಂದೇ ನಮಗೆ ಸಿಗೋದು. ನಿನ್ನ ಮುಖ ಆವತ್ತು ಹಾಗಿತ್ತು."

ನಾನು ಬಸ್ಸಿನ ಹಿಂದಕ್ಕೆ ಹೋಗಿ ನಿಂತು ಬಂದೆ. ಬಂದಾಗ ಅವನು ಅಂಗಡಿಯಿಂದ ಎರಡು ಬಾಳೆಹಣ್ಣು ತೆಗೆದುಕೊಂಡು ಕೂತಿದ್ದ. ಒಂದನ್ನು ನನಗೆ ಕೊಟ್ಟು, ನಾನು ಸುಲಿಯುವುದನ್ನು ಕಾಯದೆ ತನ್ನದನ್ನು ಸುಲಿದು ಕಚ್ಚಿದ. ಒತ್ತಾಯ ಇಲ್ಲದೆ ನನಗಿಂತ ಮೊದಲು ಅವನು ಏನಾದರೂ ತಿಂದದ್ದನ್ನು ಅಂದೇ ನಾನು ನೋಡಿದ್ದು. ಅಗಿಯುತ್ತ, "ಇನ್ನು ತೂಕಕ್ಕೆ ಉಣ್ಣೋದು ಬೇಡ. ಸಾಕಾಯ್ತು. ರುಚಿಗೆ ಉಣ್ಣುವ" ಎಂದ.

ಏಪ್ರಿಲ್ ತಿಂಗಳಲ್ಲಿ ತೂಕದ ಕಾಲಮ್ಮು ಖಾಲಿ ಇದೆ. ಅವನು ಉಂಡದ್ದು ಮಾತ್ರ ಇದೆ: ಮಾವಿನಮಿಡಿಯ ಚೂರು, ಒಂದು. ಹಲಸಿನಕಾಯಿ ಹುಳಿಯ ರಸ, ಮೂರು ಚಮಚ. ತಂಬುಳಿ. ಒಂದು ದಿನ ಹೋಳಿಗೆ ಬೇಕು ಎಂದ. ಅವನು ಹೇಳಿದ ಹಾಗೆ ನಾನು ಮಾಡಿದೆ, ಹೂರಣ ಒಡೆದು ಹೊರಗೆ ಬಂತು. ಹೆಬ್ಬೆರಳ ಅಗಲದ ಚೂರು ಬಾಯಿಗೆ ಹಾಕಿ, "ಬೆಲ್ಲ ಸರಿಯಾಗಿದೆ" ಎಂದ. ಅಷ್ಟು ದಿನದಲ್ಲಿ ನನ್ನ ಅಡಿಗೆಗೆ ಸಿಕ್ಕ ಮೊದಲ ಒಳ್ಳೆಯ ಮಾತು. ಎರಡು ಎಲೆ ಎದುರುಬದುರು ಹಾಕಿ, ಒಟ್ಟಿಗೆ ನೀರು ತಿರುಗಿಸಿ, ಒಟ್ಟಿಗೆ ಶುರುಮಾಡುತ್ತಿದ್ದೆವು. ಅವನದು ಎಷ್ಟೋ ಬೇಗ ಮುಗಿಯುತ್ತಿತ್ತು. ಏಳದೆ ನನ್ನದು ಮುಗಿಯುವವರೆಗೆ ಕೂತಿರುತ್ತಿದ್ದ. ನೋವಿನ ಔಷಧಿಗೆ ಕಣ್ಣು ಕೂರುತ್ತಿತ್ತು, ಆದರೂ ಕೂತಿರುತ್ತಿದ್ದ.

ವೈಶಾಖದಲ್ಲಿ, ಶಾಲೆಗೆ ರಜೆ ಬಿಟ್ಟ ಮೇಲೆ, ಒಂದು ಬೆಳಿಗ್ಗೆ ಹೋದ. ಅಮ್ಮ ಬಂದಿದ್ದಳು, ಗೋಪಾಲಣ್ಣ ಇದ್ದರು. ವೈಕುಂಠ ಸಮಾರಾಧನೆಗೆ ಗೋಪಾಲಣ್ಣನದೇ ಅಡಿಗೆ. ಜೂನಿನಲ್ಲಿ ಶಾಲೆ ಶುರುವಾಗಿ ಮೊದಲ ದಿನ ಮ‌ಧ್ಯಾಹ್ನ ಡಬ್ಬಿ ಬಿಚ್ಚಿ, ಫೋನನ್ನು ಪಕ್ಕದಲ್ಲಿಟ್ಟುಕೊಂಡೆ. ಇಟ್ಟ ಮೇಲೆ ನೆನಪಾಯಿತು. ತೆಗೆಯದೆ ಹಾಗೇ ಉಂಡೆ.

ಈಗಲೂ ಆ ಮನೆಯಲ್ಲೇ ಇದ್ದೇನೆ. ಪ್ರತಿವರ್ಷ ಆ ಚಿತ್ರ ಬಿಡಿಸುತ್ತೇನೆ. ಬಾಣ ಹಾಕಿದ ಮೇಲೆ ಪುಸ್ತಕದಲ್ಲಿಲ್ಲದ ನಾಲ್ಕು ಮಾತು ಸೇರಿಸುತ್ತೇನೆ: ಮನೆಯಲ್ಲಿ ದೊಡ್ಡವರು ಕಾರಣವಿಲ್ಲದೆ ಇಳಿದುಹೋದರೆ, ಬೆನ್ನಿಗೂ ಹೊಟ್ಟೆಗೂ ನೋವು ಅಂದರೆ, ಹೊಸದಾಗಿ ಸಕ್ಕರೆ ಬಂದರೆ, ಕಣ್ಣು ಹಳದಿಯಾದರೆ, ಒಂದೊಂದಕ್ಕೆ ಒಂದೊಂದು ಕಾರಣ ಹುಡುಕಬೇಡಿ. ಒಟ್ಟಿಗೆ ಇಟ್ಟು ಡಾಕ್ಟರಿಗೆ ಹೇಳಿ. ಮಕ್ಕಳು ಬರೆದುಕೊಳ್ಳುತ್ತಾರೆ. ಇದಕ್ಕೆ ಅಂಕ ಉಂಟಾ ಸಾರ್ ಎಂದು ಕೇಳುತ್ತಾರೆ.

ಶೃಂಗೇರಿಯ ಆ ಛತ್ರದಲ್ಲಿ ಕಿಟಕಿಯಿಂದ ನನ್ನನ್ನು ನೋಡಿ ಗೋಪಾಲಣ್ಣ ಹೊರಗೆ ಬಂದರು. ಅಡಿಗೆ ಅವರದೇ. "ಎಂತ ಮಾಣಿ, ಇಲ್ಲಿ ನಿಂತಿದ್ದಿ? ಪಂಕ್ತಿ ಶುರುವಾಯ್ತು, ಹೋಗಿ ಕೂತ್ಕೋ."

"ನಾನು ಆಮೇಲೆ ಕೂರ್ತೇನೆ. ನಿಮ್ಮ ಜೊತೆ."

"ನಮ್ಮದು ಮೂರು ಗಂಟೆ ಆಗ್ತದೆ ಮಾರಾಯ. ಅದೂ ಕೂತ್ರೆ ಕೂತ ಹಾಗೆ. ವಾಸನೆಗೇ ಹೊಟ್ಟೆ ತುಂಬಿರ್ತದೆ."

ಮೂರು ಗಂಟೆಗೆ ಛತ್ರ ಖಾಲಿಯಾಗಿತ್ತು. ಒದ್ದೆ ನೆಲದ ಮೇಲೆ ನಾನೇ ಎರಡು ಎಲೆ ಹಾಕಿ, ಒಂದರ ಮುಂದೆ ಕೂತೆ. ಗೋಪಾಲಣ್ಣ ಕೊಪ್ಪರಿಗೆ ತೊಳೆಸುವುದು, ಉಳಿದ ಸಾಮಾನು ಕಟ್ಟಿಸುವುದು ಎಂದು ಅತ್ತಿತ್ತ ಓಡಾಡುತ್ತಿದ್ದರು. "ನೀನು ಶುರುಮಾಡಾ, ಸಾರು ತಣ್ಣಗಾಯ್ತು."

"ಆಗ್ಲಿ."

"ನಂಗೆ ಹಸಿವಿಲ್ಲ ಅಂದೆನಲ್ಲ."

"ನನಗಿದೆ. ನೀವು ಕೂರೋವರೆಗೆ ಉಣ್ಣೋದಿಲ್ಲ."

ಗೊಣಗುತ್ತ ಕೈ ತೊಳೆದು ಬಂದು ಎದುರಿಗೆ ಕೂತರು. ಹಿತ್ತಿಲ ಬಾಗಿಲಿನಿಂದ ಬಿಸಿಲು ಅವರ ಮುಖದ ಮೇಲೆ ಬಿದ್ದಿತ್ತು. ನಾನು ಅವರ ಕಣ್ಣು ನೋಡಿದೆ. ಹೊಗೆಗೆ ಕೆಂಪಾಗಿತ್ತು, ಅಷ್ಟೆ. ಕೆಂಪಿನ ಸುತ್ತ ಬಿಳಿಯೇ ಇತ್ತು. ನಾನು ಯಾಕೆ ನೋಡುತ್ತಿದ್ದೇನೆ ಎಂದು ಅವರಿಗೆ ತಿಳಿಯಿತು. ಬೆಳಕಿಗೆ ಮುಖ ತಿರುಗಿಸಿ, ಕೆಳಗಿನ ರೆಪ್ಪೆಯನ್ನು ಬೆರಳಿನಿಂದ ಎಳೆದು ಸರಿಯಾಗಿ ತೋರಿಸಿದರು.

ಆಮೇಲೆ ತುಪ್ಪದ ಗಿಂಡಿ ಎತ್ತಿ ಮೊದಲು ನನ್ನ ಎಲೆಗೆ ಬಡಿಸಿದರು. ನಾನು ಅದನ್ನು ಅವರ ಕೈಯಿಂದ ತೆಗೆದುಕೊಂಡು ಅವರ ಎಲೆಗೆ ಬಡಿಸಿದೆ.